ಹನ್ನೊಂದು ಫೋನು, ಒಂದು ಹಾಡು

ಹಲೋ... ಹಲೋ, ಯಾರು ಮಾತಾಡೋದು?... ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಇಸ್ತ್ರಿಪೆಟ್ಟಿಗೆ ಬುಸ್ಸಂತ ಹಬೆ ಬಿಡ್ತಿದೆ... ಹಾಂ, ಲಾಂಡ್ರಿನೇ. ಕೋಟು ನಾಳೆ ಸಂಜೆಗೆ ಕೊಡ್ತೀನಿ ಅಂದಿದ್ನಲ್ಲ...

ಕೋಟಿನ ವಿಷಯ ಅಲ್ವಾ?... ಯಾವ ಕಂಪನಿ?... ಫೋನಲ್ಲಿ ಹಾಡು ಕೇಳಿಸೋ ಆ್ಯಪ್ ಕಂಪನಿ! ಅಯ್ಯೋ, ಮೊದಲೇ ಹೇಳಬಾರದಾ! ನೀವು ಹೇಳ್ತಾ ಇರಿ, ಪೆಟ್ಟಿಗೆ ಆರಿಸಿ ಬಂದೆ... ಹಾಂ, ಬಂದೆ. ಈಗ ಹೇಳಿ ಮೇಡಮ್.

ಇಲ್ಲ ಇಲ್ಲ, ಹಾಡಿದೋಳು ನಮ್ಮಕ್ಕನ ಮಗಳು, ನಾನು ಅವಳ ಸೋದರಮಾವ. ಅವಳ ಕೆಲಸದ ಜಾಗದಲ್ಲಿ ಫೋನ್ ಮುಟ್ಟೋ ಹಾಗಿಲ್ಲ. ಕನ್ನಡಕದ ಅಂಗಡಿ, ದಿನವಿಡೀ ಬೇರೆಯವರ ಕಣ್ಣು ಪರೀಕ್ಷೆ. ಅದಕ್ಕೇ ಹಾಡು ಹಾಕುವಾಗ ನಿಮ್ಮ ಫಾರ್ಮಲ್ಲಿ ನನ್ನ ಅಂಗಡಿ ನಂಬರ್ ಬರೆದಿದಾಳೆ... ನನ್ನ ಹತ್ರ ಮಾತಾಡಬಹುದಾ ಅಂತೀರಾ? ಧಾರಾಳವಾಗಿ ಮಾತಾಡಿ. ಈ ಹಾಡಲ್ಲಿ ಅವಳಷ್ಟೇ ಪಾಲು ನಂದೂ ಇದೆ.

ಹೇಗೆ ಅಂದ್ರಾ?... ಅದನ್ನ ಎಲ್ಲಿ ರೆಕಾರ್ಡ್ ಮಾಡಿದ್ದು ಗೊತ್ತಾ? ಬಟ್ಟೆ ಬೀರುವಿನ ಒಳಗೆ! ನಗಬೇಡಿ, ನಿಜ. ಒಳಗೆ ಮುದುರಿ ಕೂತು, ಮೇಲೆ ನಮ್ಮ ಲಾಂಡ್ರಿಯ ನಾಲ್ಕು ಕಂಬಳಿ ಹೊದ್ದು ಹಾಡಿದಾಳೆ, ಹೊರಗಿನ ಸದ್ದು ಬರಬಾರದಂತೆ. ಅವರಪ್ಪ ಕ್ಯಾಸೆಟ್ ಮಾಡಿದಾಗ ಇಪ್ಪತ್ತು ಜನ ವಾದ್ಯದೋರು, ಎರಡು ದಿನ ಸ್ಟುಡಿಯೋ, ಮಧ್ಯೆ ಒಬ್ಬ ಕೆಮ್ಮಿದ್ರೆ ಮತ್ತೆ ಮೊದಲಿಂದ. ಇವಳಿಗೆ ಒಂದು ಮೈಕು, ಒಂದು ಲ್ಯಾಪ್‌ಟಾಪು ಸಾಕಾಯ್ತು. ಪಿಟೀಲೂ ಕಂಪ್ಯೂಟರ್‌ದೇ, ಡ್ರಮ್ಮೂ ಕಂಪ್ಯೂಟರ್‌ದೇ. ಕಂಬಳಿ ಮಾತ್ರ ನಂದು. ನಂದು ಅಂದ್ರೆ ಗಿರಾಕಿಗಳದ್ದು, ಅದನ್ನ ಯಾರಿಗೂ ಹೇಳಬೇಡಿ.

ನೀವು ಫೋನ್ ಮಾಡಿದ್ದು ಆ ಹನ್ನೊಂದು ಸಾವಿರದ ವಿಷಯಕ್ಕೇ ಅಲ್ವಾ?... ಅಲ್ವಾ? ನಂಗೊತ್ತಿತ್ತು! ಹತ್ತು ದಿನಕ್ಕೆ ಹನ್ನೊಂದು ಸಾವಿರ ಸಲ ಕೇಳಿದಾರೆ ಅಂದ್ರೆ ಸುಮ್ನೇನಾ? ಪುಟ್ಟಿ... ನಾವು ಅವಳನ್ನ ಪುಟ್ಟಿ ಅಂತಲೇ ಕರೆಯೋದು... ನಿನ್ನೆ ಆ ನಂಬರ್ ನೋಡಿ ಅತ್ತೇಬಿಟ್ಳು. "ಮಾಮ, ಇಷ್ಟು ಜನ ಕೇಳ್ತಿರುವಾಗ ನಾನಿನ್ನೂ ಕನ್ನಡಕ ಒರೆಸ್ತಾ ಕೂತಿರಬೇಕಾ" ಅಂದ್ಳು. ಇವತ್ತು ನಾಲ್ಕು ಗಂಟೆಗೆ ಕೆಲಸಕ್ಕೆ ರಾಜೀನಾಮೆ ಕೊಡ್ತಿದಾಳೆ. ಕಾಗದ ಬರೆದಾಗಿದೆ. ಹಾಕ್ಕೊಂಡು ಹೋಗೋ ನೀಲಿ ಶರ್ಟು ನನ್ನ ಮುಂದೇನೇ ಇದೆ, ಒಂದು ತೋಳು ಬಾಕಿ. ಇನ್ನೇನು ಬರ್ತಾಳೆ.

ಏನು?... ಎಷ್ಟು ಫೋನಿಂದ?... ಓ, ಅದನ್ನ ಕೇಳ್ತಿದೀರಾ! ಹೇಳಿಬಿಡ್ತೀನಿ, ನಿಮಗೂ ಖುಷಿಯಾಗುತ್ತೆ. ಹನ್ನೊಂದು. ನಂದು ಎರಡು, ಹೆಂಡತೀದು ಒಂದು, ಅಕ್ಕಂದು ಒಂದು, ಬಟ್ಟೆ ಒಗೆಯೋರದ್ದು ಮೂರು, ಗಾಜು ಒಡೆದ ಹಳೇವು ನಾಲ್ಕು. ಇಸ್ತ್ರಿ ಮೇಜಿನ ತುದೀಲಿ ಸಾಲಾಗಿ ಜೋಡಿಸಿದೀನಿ. ಮೂವತ್ತು ಸೆಕೆಂಡ್ ಓಡಿದ್ರೆ ಒಂದು ಸಲ ಕೇಳಿದ ಲೆಕ್ಕ ಅಂತ ಪುಟ್ಟಿನೇ ಯಾವತ್ತೋ ಮಾತಿಗೆ ಅಂದಿದ್ಳು. ಸರಿ, ಕಾಲರ್ ಮುಗೀತಾ, ಹನ್ನೊಂದನ್ನೂ ಮತ್ತೆ ಮೊದಲಿಂದ ಒತ್ತು. ಎಡ ತೋಳು ಮುಗೀತಾ, ಒತ್ತು. ಬಲ ತೋಳು, ಒತ್ತು. ಬೆನ್ನು, ಒತ್ತು. ಎದೆಭಾಗ, ಒತ್ತು. ಶರ್ಟಿಗೆ ಐದು ಸುತ್ತು ಬರುತ್ತೆ. ಪ್ಯಾಂಟಿಗೆ ಮೂರೇ, ಅದಕ್ಕೇ ಈಚೆಗೆ ಪ್ಯಾಂಟುಗಳು ಹಾಗೇ ಉಳಿದಿವೆ...

ಗೊತ್ತಾ? ನಿಮಗೆ ಮೊದಲೇ ಗೊತ್ತಿತ್ತಾ?... ಬೆಳಗ್ಗೆ ಒಂಬತ್ತಕ್ಕೆ ಶುರು... ಹೌದು... ಸಂಜೆ ಆರಕ್ಕೆ ಬಂದ್... ಹೌದು... ಒಂದರಿಂದ ಎರಡು ಏನೂ ಇಲ್ಲ... ಅದು ಊಟದ ಹೊತ್ತು... ಸೋಮವಾರ ಒಂದೂ ಇಲ್ಲ... ಸೋಮವಾರ ರಜಾ ಮೇಡಮ್! ಅಬ್ಬಾ, ನನ್ನ ಹೆಂಡತಿಗೂ ನನ್ನ ಬಗ್ಗೆ ಇಷ್ಟು ಗೊತ್ತಿಲ್ಲ.

ಏನದು, ಕೃತಕ?... ಯಾರೂ ಕೇಳದೆ ಬರೀ ಓಡಿಸೋದಾ?... ಯಂತ್ರ ಹಿಡಿದುಬಿಟ್ಟಿದೆಯಾ?... ತೆಗೀತೀರಾ? ಹಾಡನ್ನೇ ತೆಗೀತೀರಾ?... ಯಾವತ್ತು?... ಇವತ್ತೇ? ಐದು ಗಂಟೆಗೆ?

ಅಯ್ಯಯ್ಯೋ. ಇರಿ, ಇರಿ. ನಾನು ಇಷ್ಟೊತ್ತು ಹೇಳಿದ್ದೆಲ್ಲ ಬರ್ಕೊಂಡ್ರಾ?... ರೆಕಾರ್ಡೇ ಆಗ್ತಿದೆಯಾ! ಅದನ್ನ ಮೊದಲೇ ಹೇಳಬೇಕು ತಾನೇ?... ಹೇಳಿದ್ರಾ? ಯಾವಾಗ?... ಓ. ನಾನು ಪೆಟ್ಟಿಗೆ ಆರಿಸೋಕೆ ಹೋದಾಗ.

ಅಲ್ಲ ಮೇಡಮ್, ಇದರಲ್ಲಿ ತಪ್ಪೇನಿದೆ ನೀವೇ ಹೇಳಿ. ಅವರಪ್ಪನ ಕ್ಯಾಸೆಟ್ ಬಂದಾಗ ಮನೆಮಂದಿಯೆಲ್ಲ ಒಬ್ಬೊಬ್ಬರಾಗಿ ಅಂಗಡಿಗೆ ಹೋಗಿ, ಏನೂ ಗೊತ್ತಿಲ್ಲದೋರ ಹಾಗೆ "ಆ ಹೊಸ ಕ್ಯಾಸೆಟ್ ಬಂದಿದೆಯಾ" ಅಂತ ಕೇಳಿ ಕೊಂಡ್ಕೊಂಡು ಬಂದಿದ್ವಿ. ನಾನೊಬ್ಬನೇ ಮೂರು ಸಲ ಹೋದೆ, ಒಂದ್ಸಲ ಟೋಪಿ ಹಾಕ್ಕೊಂಡು. ಅಂಗಡಿಯವನು ಚೆನ್ನಾಗಿ ಹೋಗ್ತಿದೆ ಅಂತ ಅದನ್ನ ಎತ್ತಿ ಮುಂದಿನ ಗಾಜಿನ ಕಪಾಟಲ್ಲಿಟ್ಟ. ಆಗ ಅದಕ್ಕೆ ಅಭಿಮಾನ ಅಂತಿದ್ರು. ಈಗ ಅದೇ ಕೆಲಸ ಬೆರಳಲ್ಲಿ ಮಾಡಿದ್ರೆ ಮೋಸ ಅಂತೀರಿ... ಹಾಂ... ಹಾಂ... ಕೇಳಿದ ಲೆಕ್ಕದ ಮೇಲೆ ದುಡ್ಡು ಹಂಚೋದಾ? ಇದರಿಂದ ಬೇರೆ ಹಾಡೋರ ಪಾಲು ಕಮ್ಮಿ ಆಗುತ್ತಾ?... ಅದು ನಂಗೆ ಹೊಳೀಲೇ ಇಲ್ಲ. ತಪ್ಪಾಯ್ತು.

ಹೋಗ್ಲಿ, ಅರ್ಧ ತೆಗೆದು ಅರ್ಧ ಉಳಿಸ್ಕೊಡಿ... ಆಗಲ್ವಾ?... ಒಂದು ಸಾವಿರನಾದ್ರೂ?... ಚೌಕಾಸಿ ಮಾಡ್ತಿಲ್ಲ ಮೇಡಮ್. ಆ ಹುಡುಗಿ ನನ್ನ ಬೆರಳು ನಂಬ್ಕೊಂಡು ಕೆಲಸ ಬಿಡ್ತಿದಾಳೆ!

ಅವಳಿಗೆ ಇದ್ಯಾವುದೂ ಗೊತ್ತಿಲ್ಲ, ಅದನ್ನ ದಪ್ಪಕ್ಷರದಲ್ಲಿ ಬರ್ಕೊಳ್ಳಿ... ಅವಳೇ ಬರೆದುಕೊಡಬೇಕಾ?... ನಡೆದದ್ದು ನಡೆದ ಹಾಗೆ ಬರೆದು ಸಹಿ ಹಾಕಿದ್ರೆ ಹಾಡು ಮತ್ತೆ ಹಾಕ್ತೀರಾ? ಸೊನ್ನೆಯಿಂದ ಶುರು?... ಅವಳ ಬದಲು ನಾನು ಬರೆದ್ರೆ?... ಇಲ್ಲ ಇಲ್ಲ, ಅವಳ ಸಹಿ ನಾನು ಹಾಕ್ತೀನಿ ಅಂದೆನಾ? ಸುಮ್ನೆ ಕೇಳಿದೆ. ಅದನ್ನ ಬರ್ಕೋಬೇಡಿ.

ಹಾಡಾ?... ಚೆನ್ನಾಗಿದೆ. ತುಂಬಾ ಚೆನ್ನಾಗಿದೆ... ಎರಡನೇ ಚರಣಾನಾ?... ನೀವು ಅಲ್ಲೀತನಕ ಕೇಳಿದ್ರಾ?... ಅಲ್ಲಿ ದನಿ ಏರಿಸ್ತಾಳಾ?... ಇಲ್ಲ ಮೇಡಮ್. ನಂಗೊತ್ತಿಲ್ಲ. ನಾನು ಕೇಳಿಲ್ಲ. ಹನ್ನೊಂದು ಫೋನು ಒಟ್ಟಿಗೆ ಅರಚಿದ್ರೆ ಗಿರಾಕಿಗಳು ಎದ್ದುಬಿದ್ದು ಓಡ್ತಾರೆ ಅಂತ ಎಲ್ಲದರ ಸೌಂಡೂ ಸೊನ್ನೆ ಮಾಡಿಟ್ಟಿದ್ದೆ. ಮೊದಲ ದಿನದಿಂದ. ಮನೇಲಿ ಕೇಳೋಣ ಅಂದ್ಕೊಳ್ತಿದ್ದೆ, ಹೋದ ತಕ್ಷಣ ನಿದ್ದೆ. ಇದನ್ನ ಯಾರಿಗೂ ಹೇಳಿರಲಿಲ್ಲ, ನಿಮಗೇ ಮೊದಲು.

ಹಲೋ, ಇದೀರಾ?... ನಮ್ಮದನ್ನೆಲ್ಲ ತೆಗೆದ್ರೆ ಉಳಿಯೋದೆಷ್ಟು?... ಅರವತ್ತೊಂದು. ಅರವತ್ತೊಂದು ಸಲ... ಜನಾನಾ? ಅರವತ್ತೊಂದು ಜನ? ನಮ್ಮ ನೆಂಟರೇ ಇರ್ತಾರೆ ಬಿಡಿ... ಬೇರೆ ಬೇರೆ ಊರಾ?... ಇನ್ನೊಂದು ಸಲ ಹೇಳಿ... ಆ ಊರಲ್ಲಿ ನಮಗೆ ಯಾರೂ ಇಲ್ಲ ಮೇಡಮ್... ಪೂರ್ತಿ ಕೇಳಿದಾರಾ? ಕೊನೇವರೆಗೂ?... ಒಬ್ರು ದಿನಾ ಬೆಳಗ್ಗೆ ಐದೂವರೆಗೆ ಕೇಳ್ತಾರಾ? ಅದಂತೂ ಖಂಡಿತ ನಮ್ಮೋರಲ್ಲ. ಆ ಹೊತ್ತಿಗೆ ನಮ್ಮ ವಂಶದಲ್ಲೇ ಯಾರೂ ಎದ್ದಿಲ್ಲ.

ಏನಿಲ್ಲ... ಏನಿಲ್ಲ ಮೇಡಮ್, ಹಬೆ ಕಣ್ಣಿಗೆ ಹೊಡೀತು... ಹೌದು, ಪೆಟ್ಟಿಗೆ ಆರಿಸಿದೀನಿ. ಸರಿ, ಅಳ್ತಿದೀನಿ, ಏನೀಗ?

ಶ್... ಬಂದ್ಳು. ಸ್ಕೂಟರ್ ನಿಲ್ಲಿಸ್ತಿದಾಳೆ. ಮೇಡಮ್, ನೀವೇ ಹೇಳಿಬಿಡಿ, ನಿಮ್ಮ ದನಿ ಮೆತ್ತಗಿದೆ... ನಾನೇ ಹೇಳಬೇಕಾ?... ಹೌದು. ಒತ್ತಿದ್ದು ನಾನೇ ಅಲ್ವಾ. ಆದ್ರೆ ಫೋನ್ ಇಡಬೇಡಿ, ಕೈ ಮುಗಿತೀನಿ. ನೀವಿದ್ರೆ ಸ್ವಲ್ಪ ಧೈರ್ಯ.

ಬಾ ಪುಟ್ಟಿ... ಶರ್ಟ್ ಆಗಿಲ್ಲ... ಆಮೇಲೆ ಹೇಳ್ತೀನಿ, ಮೊದಲು ಕೂತ್ಕೋ. ಆ ಕಾಗದ ಇಲ್ಲಿ ಕೊಡು... ಕೊಡಮ್ಮ... ಈ ಫೋನುಗಳೆಲ್ಲ ಯಾಕೆ ಸಾಲಾಗಿವೆ ಅಂತಾನಾ? ಅದನ್ನೇ ಹೇಳೋಕೆ ಹೊರಟೆ. ನಿನ್ನ ಹಾಡು ಹನ್ನೊಂದು ಸಾವಿರ ಸಲ ಯಾರೂ ಕೇಳಿಲ್ಲ ಕಣೇ. ಅದು ನಾನು ಒತ್ತಿದ್ದು... ಹೂಂ, ಇಲ್ಲಿ ನಿಂತ್ಕೊಂಡೇ... ಇವತ್ತು ಐದು ಗಂಟೆಗೆ ಹಾಡು ತೆಗೀತಾರಂತೆ, ನನ್ನಿಂದ... ಬೈಯಿ. ಚೆನ್ನಾಗಿ ಬೈಯಿ. ಬೈದು ಮುಗಿದ ಮೇಲೆ ಇದೊಂದು ಕೇಳಿಸ್ಕೋ. ಅರವತ್ತೊಂದು ಜನ ನಿಜವಾಗಿ ಕೇಳಿದಾರೆ. ನಮಗೆ ಮುಖ ಪರಿಚಯಾನೂ ಇಲ್ಲದೋರು... ಇಲ್ಲ, ನಾನು ಅದರಲ್ಲಿಲ್ಲ. ನಿನ್ನ ಮಾಮ ಒಂದ್ಸಲಾನೂ ಕೇಳಿಲ್ಲ ಪುಟ್ಟಿ.

ಮೇಡಮ್, ಇದೀರಾ?... ಪುಟ್ಟಿ ನನ್ನ ಕೈಯಿಂದ ಕಾಗದ ಕಿತ್ಕೊಂಡ್ಳು... ಅಯ್ಯೋ, ಹೊರಟ್ಳಾ?... ಇಲ್ಲ, ಪೆನ್ ತಗೊಂಡ್ಳು. ರಾಜೀನಾಮೆ ಕಾಗದ ತಿರುವಿ ಹಾಕಿ, ಹಿಂದುಗಡೆ ಬರೀತಿದಾಳೆ. ನಿಮಗೇ ಬರೀತಿದಾಳೆ! "ನನ್ನ ಸೋದರಮಾವ ಒಬ್ಬ"... ಮುಂದಿಂದು ಬೇಡ ಬಿಡಿ, ನೀವೇ ಓದ್ತೀರಲ್ಲ...

ಈಗ ಫೋನುಗಳನ್ನ ಆರಿಸ್ತಿದಾಳೆ. ಒಂದೊಂದಾಗಿ... ಹತ್ತೂ ಆರಿಸಿದ್ಳು. ಒಂದನ್ನ ಬಿಟ್ಟಿದಾಳೆ... ಸೌಂಡ್ ಏರಿಸ್ತಿದಾಳೆ ಮೇಡಮ್.

ಶುರುವಾಯ್ತು... ಕೇಳಿಸ್ತಿದೆಯಾ?... ಇವಳದ್ದಾ ಈ ದನಿ? ನಮ್ಮ ಪುಟ್ಟೀದಾ?... ಐದು ಗಂಟೆಗೆ ತೆಗೀರಿ, ನಾನು ಬೇಡ ಅನ್ನಲ್ಲ. ಅರವತ್ತೆರಡು ಅಂತ ಬರ್ಕೊಂಡು ತೆಗೀರಿ, ಅಷ್ಟೇ... ಹಾಂ, ನಂದು... ಮೂವತ್ತು ಸೆಕೆಂಡ್ ದಾಟ್ತು. ಇದರಾಚೆ ಏನಿದೆ ಅಂತ ನಂಗೆ ಗೊತ್ತೇ ಇಲ್ಲ ನೋಡಿ... ಒಂದ್ನಿಮಿಷ, ಸ್ವಲ್ಪ ಹತ್ರ ಹೋಗಿ ಕೇಳ್ತೀನಿ, ಈ ಫೋನಿನ ವೈರು ಗಿಡ್ಡ, ಇನ್ನೊಂದೇ ಹೆಜ್ಜೆ...