ಸಬ್ಮಿಟ್ ಒತ್ತುವ ಮೊದಲು

...ಅಲ್ಲ, ನಗುದೆಂತಕ್ಕೆ ನಿಶ್ಮಿ? ನಾನೇನು ತಮಾಷೆ ಮಾಡ್ತಾ ಇಲ್ಲ. ಅರ್ಲಿ ಡಿಸಿಶನ್ ಅಂದ್ರೆ ಎಂತ ಅಂತ ನಿನ್ನ ಪಪ್ಪನಿಗೆ ಸರಿಯಾಗಿ ಗೊತ್ತುಂಟು. ಒಂದೇ ಯೂನಿವರ್ಸಿಟಿಗೆ ಹಾಕುದು, ಅವರು ಸೀಟು ಕೊಟ್ರೆ ಅಲ್ಲಿಗೇ ಹೋಗುದು. ಮತ್ತೆ ಬೇರೆ ಕಡೆ ತಿರುಗಿ ನೋಡ್ಲಿಕ್ಕಿಲ್ಲ. ನಿಶ್ಚಯ ತಾಂಬೂಲ ಆದ ಹಾಗೆ!

ಆಯ್ತು, ಆಯ್ತು. ತಾಂಬೂಲದ ಮಾತು ಬೇಡ.

ಆದ್ರೆ ಇವತ್ತು ಕೊನೇ ದಿನ ಮಗಾ. ಎಲ್ಲ ತುಂಬಿಸಿ ಆಗಿದೆ, ನಾನು ಸೈನ್ ಹಾಕಿ ಆಗಿದೆ, ನಿಮ್ಮ ಸ್ಕೂಲಿನ ಕೌನ್ಸೆಲರ್ ಸೈನ್ ಹಾಕಿ ಆಗಿದೆ. ಸಬ್ಮಿಟ್ ಒತ್ತುದೊಂದು ಬಾಕಿ. ಬೆಳಿಗ್ಗೆಯಿಂದ ಆ ಲ್ಯಾಪ್‌ಟಾಪಿನ ಎದುರು ಹೀಗೆ ಕಲ್ಲಿನ ಹಾಗೆ ಕೂತಿದ್ದಿ. ಒಂದು ಚಾಕಲೇಟಾದ್ರೂ ತಿನ್ನು. ಹ್ಯಾಲೋವೀನಿಗೆ ಅಂತ ತಂದದ್ದು ಬೋಗುಣಿ ತುಂಬ ಹಾಗೇ ಉಂಟು. ನಿನ್ನೆ ಚಾಕಲೇಟ್ ಕೇಳಿಕೊಂಡು ನಮ್ಮ ಬಾಗಿಲಿಗೆ ಮಕ್ಕಳೇ ಬರ್ಲಿಲ್ಲ, ನೋಡಿದ್ಯಾ? ಹೊರಗಿನ ಲೈಟ್ ಹಾಕ್ಲಿಕ್ಕೆ ಮರ್ತಿದ್ದೆ ನಾನು. ಅದೆಲ್ಲ ಅಮ್ಮ ನೋಡ್ಕೊಳ್ತಿದ್ದದ್ದು...

ಎಂತ ಅದು? ಆ ಇನ್ನೊಂದು ಪೇಜ್ ಯಾಕೆ ತೆರೆದಿಟ್ಟಿದ್ದಿ? ಮತ್ತೆ ಅದೇ! ಇಲ್ಲೇ ಹತ್ತಿರದ ಸ್ಟೇಟ್ ಕಾಲೇಜು, ಮನೆಯಿಂದಲೇ ಕಮ್ಯೂಟ್ ಮಾಡುದು, ದಿನಾ ಹೋಗಿ ಬರುದು... ಬೇಡ ಮಾರಾಯ್ತಿ, ಬೇಡ. ಮುಚ್ಚು ಅದನ್ನು. ಒಂಬತ್ತನೇ ಕ್ಲಾಸಿನಲ್ಲಿ ಆ ದೊಡ್ಡ ಯೂನಿವರ್ಸಿಟಿಯ ಫೋಟೋ ರೂಮಿನ ಗೋಡೆಗೆ ಅಂಟಿಸಿದ್ದು ಯಾರು? ನಾನಾ? ಕೆನಡಾ ಗಡಿಯ ಹತ್ತಿರ, ವರ್ಷದಲ್ಲಿ ಆರು ತಿಂಗಳು ಹಿಮ, ಅಲ್ಲಿಗೆ ಹೋಗಿ ಎಂತ ಮಾಡ್ತಿ ಅಂತ ಆವಾಗ ಜಗಳ ಮಾಡಿದ್ದು ನಾನು. ಈಗ ನಾನೇ ಹೋಗು ಅಂತಿದ್ದೇನೆ, ನೀನು ಬೆರಳು ಎತ್ತುದಿಲ್ಲ.

ನನ್ನ ಕೆಲಸದ ಚಿಂತೆಯಾ? ನನ್ನೊಬ್ಬನದ್ದಾ ಹೋದದ್ದು? ಬ್ಯಾಂಕಿಗೆ ಬ್ಯಾಂಕೇ ಮುಳುಗಿತು! ಮ್ಯಾನ್‌ಹಟನ್ನಿನಲ್ಲಿ ಆವತ್ತು ಲಿಫ್ಟಿಗೆ ಕ್ಯೂ, ಎಲ್ಲರ ಕೈಯಲ್ಲೂ ರಟ್ಟಿನ ಪೆಟ್ಟಿಗೆ, ಮ್ಯಾನೇಜರ್ ಕೈಯಲ್ಲೂ. ಶಿವಕುಮಾರ ಅಂಕಲ್ ಹೇಳಿದ್ದಾರೆ, ಇಲ್ಲೇ ಹತ್ತಿರ ಪಾರ್ಸಿಪನಿ ಊರಿನ ಅವರ ಕಂಪನಿಯಲ್ಲಿ ಕನ್ಸಲ್ಟಿಂಗ್ ಏನಾದ್ರೂ ನೋಡುವಾ ಅಂತ. ಫೀಸಿಗೆ ಅಮ್ಮನ ಇನ್ಶೂರೆನ್ಸ್ ಉಂಟು. ಅದು ನಿನ್ನ ಓದಿಗೇ. ಅದರಲ್ಲಿ ನಾನು ಕೈ ಹಾಕುದಿಲ್ಲ.

ಮತ್ತೆಂತ? ನನ್ನ ಊಟವಾ? ಹೂಂ, ಹಾಗಾದ್ರೆ ಅದೇ. ನೀನು ಹೋದ್ರೆ ಪಪ್ಪ ಬ್ರೆಡ್ ತಿಂದು ಮಲಗ್ತಾನೆ ಅಂತ. ಇಲ್ಲ ಮಗಾ. ಗಂಜಿ ಬೇಯಿಸ್ಲಿಕ್ಕೆ ಬರ್ತದೆ, ಚಟ್ನಿ ಬರ್ತದೆ, ಹುರುಳಿ ಸಾರು ಕೂಡ ಈಗ ಒಂದು ಹದಕ್ಕೆ ಬರ್ತದೆ. ನೀನು ಆರಾಮಾಗಿ ಹೋಗು. ಇಲ್ಲಿ ನಾವಿಬ್ಬರು ಹೇಗೋ...

ಎಂತ? ಯಾಕೆ ಹಾಗೆ ನೋಡುದು?

ಇಬ್ಬರು ಅಂದೆನಾ?

ಬಾಯಿ ಮಾರಾಯ್ತಿ, ಬಾಯಿ ತಪ್ಪಿ ಬಂತು. ಇಷ್ಟು ವರ್ಷದ ರೂಢಿ, ಅಷ್ಟು ಬೇಗ ಬಿಡ್ತದಾ... ನೀನು ಒತ್ತು. ಒತ್ತು ನೋಡುವಾ.

ಹಾಗೆ ನೋಡ್ಬೇಡ ನಿಶ್ಮಿ. ಅಮ್ಮ ಹಾಗೇ ನೋಡ್ತಿದ್ದಳು, ನಾನು ಏನಾದ್ರೂ ಮುಚ್ಚಿಟ್ಟಾಗ.

...ಸರಿ. ಹೇಳ್ತೇನೆ. ಯಾರಿಗೂ ಹೇಳಿಲ್ಲ ಇದನ್ನು. ಹೆದರಬಾರದು ನೀನು. ಹೆದರುವಂಥದ್ದು ಎಂತದೂ ಇಲ್ಲ.

ಅವಳು ಹೋಗಿಲ್ಲ.

ಅಮ್ಮ. ಸುಂದರಿ. ಈ ಮನೆಯಲ್ಲೇ ಇದ್ದಾಳೆ.

ತಡಿ, ಏಳ್ಬೇಡ, ಪೂರ್ತಿ ಕೇಳು! ಕೆಲಸ ಹೋದ ಮರುದಿನ. ಸಂಜೆ. ಇದೇ ಅಡುಗೆಮನೆಯಲ್ಲಿ ನಿಂತು ಜೀರಿಗೆ ಹುಡುಕ್ತಾ ಇದ್ದೆ. ಸಿಗ್ಲಿಲ್ಲ. ಸಿಟ್ಟು ಬಂತು, ಎಲ್ಲದರ ಮೇಲೆ ಸಿಟ್ಟು... ಯೋಚನೆಯೇ ಇಲ್ಲದೆ ಕೂಗಿದೆ: "ಸುಂದರೀ, ಜೀರಿಗೆ ಎಲ್ಲಿಟ್ಟಿದ್ದಿ?" ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಮೇಲಿನಿಂದ ಬಂತು.

"ಓ..."

ಅಷ್ಟೇ. ಊರಲ್ಲಿ ನಾವು ಓಗೊಡುದಿಲ್ವಾ, ಹಾಗೆ. ಅವಳ ಅದೇ ಎಳೆದ "ಓ". ಇಪ್ಪತ್ತು ವರ್ಷ ಕೇಳಿದ ಸ್ವರ ನಿಶ್ಮಿ, ನನಗೆ ತಪ್ಪುದಿಲ್ಲ. ಇಲ್ಲೇ ನೆಲದಲ್ಲಿ ಕೂತುಬಿಟ್ಟೆ.

ಮತ್ತೆ ದಿನಾ. ಕತ್ತಲಾಗುವ ಹೊತ್ತಿಗೆ ಮೆಟ್ಟಿಲ ಕೆಳಗೆ ನಿಂತು ಒಂದು ಸಲ ಕರೀತೇನೆ. ಮೆಲ್ಲಗೆ, ನಿನಗೆ ಕೇಳದ ಹಾಗೆ. ಅವಳು ಓ ಅಂತಾಳೆ. ಒಂದೊಂದು ದಿನ ತಡವಾಗ್ತದೆ, ನನ್ನ ಜೀವ ಹೋಗಿ ಬರ್ತದೆ... ಆದ್ರೂ ಅಂತಾಳೆ. ಅದಾದ ಮೇಲೆ ಊಟ ಸೇರ್ತದೆ. ಕಣ್ಣಿಗೆ ನಿದ್ದೆ ಬರ್ತದೆ.

ಅವಳು ಹೋದ ದಿನ ನೀನಿದ್ದಿ ಅವಳ ಹತ್ತಿರ. ಐಸೆಲಿನ್ನಿನ ಇಂಡಿಯನ್ ಅಂಗಡಿಯಲ್ಲಿ, ಬಸಳೆ ಆರಿಸ್ತಾ ಇದ್ದವಳು ಹಾಗೇ ಕುಸಿದದ್ದು. ನಿನ್ನ ಮಡಿಲಲ್ಲಿ ತಲೆ. ನಾನೆಲ್ಲಿದ್ದೆ? ಶನಿವಾರವೂ ಆಫೀಸು ಅಂತ ಹೋಗಿ, ವಾಪಸ್ ಬರುವಾಗ ನದಿಯ ಅಡಿಯ ಸುರಂಗದಲ್ಲಿ ನಿಂತ ಟ್ರೇನಿನ ಒಳಗೆ. ಫೋನಿಗೆ ಸಿಗ್ನಲ್ ಇಲ್ಲ. ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿನಗಾದ್ರೂ ಒಂದು ಮಾತು ಸಿಕ್ಕಿತು. ನನಗೆ ಈ "ಓ" ಒಂದೇ.

ಅದಕ್ಕೇ... ಈಗ ಗೊತ್ತಾಯ್ತಲ್ಲ? ಆ ಯೂನಿವರ್ಸಿಟಿ ನಿನ್ನ ಒಳ್ಳೆಯದಕ್ಕೇ, ಅದು ಸುಳ್ಳಲ್ಲ. ಆದ್ರೆ... ನೀನು ಇಲ್ಲಿರುವಾಗ ಅವಳು ಕೆಳಗೆ ಬರುದಿಲ್ಲ. ಮಗಳು ಹೆದರ್ತಾಳೆ ಅಂತ ಇರ್ಬೇಕು. ನೀನು ಹಾಸ್ಟೆಲಿಗೆ ಹೋದ್ರೆ, ಮನೆ ಖಾಲಿಯಾದ್ರೆ, ಒಂದು ದಿನ ಮೆಟ್ಟಿಲು ಇಳಿದು ಬಂದಾಳು. ಒಂದು ಮಾತಾಡಿಯಾಳು. ನನ್ನ ಹತ್ತಿರ ಸಿಟ್ಟು ಉಂಟಾ ಇಲ್ವಾ ಅಂತ ಅಷ್ಟಾದ್ರೂ...

ಅಳುದೆಂತಕ್ಕೆ? ನಿಶ್ಮೀ? ನಿನ್ನನ್ನು ಓಡಿಸುದಲ್ಲ ಮಗಾ, ಹಾಗಲ್ಲ...

ಹುಚ್ಚು ಹಿಡಿದಿದೆ ಅಂದ್ಕೊಂಡ್ಯಾ? ಹೌದಾ? ಹಾಗಾದ್ರೆ ಈಗಲೇ ಕೇಳು ನೀನು. ಕತ್ತಲಾಗ್ತಾ ಬಂತು. ಇಲ್ಲೇ ಕೂತಿರು, ಅಲ್ಲಾಡ್ಬೇಡ.

ಸುಂದರೀ...

ತಡವಾಗ್ತದೆ ಅಂತ ಹೇಳಿದೆನಲ್ಲ. ಕಾಯ್ಬೇಕು.

ಸುಂದರೀ! ಓ ಸುಂದರೀ!

...ಇವತ್ತು ಎಂತ ಆಯ್ತು ಇವಳಿಗೆ? ಹಗಲಿಗೂ ಹೀಗೇ. ನೀನು ಸ್ಕೂಲಿನಲ್ಲಿರುವಾಗ ಎಷ್ಟು ಕೂಗಿದ್ರೂ ಉತ್ತರ ಇಲ್ಲ. ಬೆಳಕಿಗೆ ಆಗುದಿಲ್ಲ ಅಂತ ನಾನು... ನೀನು ಬಂದು, ಬ್ಯಾಗ್ ಇಟ್ಟು, ಮೇಲೆ ನಿನ್ನ ರೂಮಿಗೆ ಹೋದ ಮೇಲೆಯೇ...

ನಿಶ್ಮಿ.

ಮುಖ ಯಾಕೆ ಮುಚ್ಚಿಕೊಂಡದ್ದು? ಕೈ ತೆಗಿ. ನನ್ನನ್ನು ನೋಡು.

ಮೊದಲ ದಿನ... ಆ ಜೀರಿಗೆಯ ದಿನ... ನೀನು ಮೇಲೆ ಇದ್ದಿ.

ಇಲ್ಲ ಅನ್ನು. ತಲೆಯಾದ್ರೂ ಅಲ್ಲಾಡಿಸು. ನಾನಲ್ಲ ಪಪ್ಪಾ ಅಂತ ಒಂದು ಸಲ ಅಂದುಬಿಡು, ನಾನು ನಂಬ್ತೇನೆ. ದೇವರಾಣೆ ನಂಬ್ತೇನೆ.

...

ದಿನಾನಾ ಮಗಾ? ಅಲ್ಲಿ ಬಾಗಿಲ ಹಿಂದೆ ನಿಂತು, ನಾನು ಕರೆಯುದನ್ನು ಕಾಯ್ತಾ? ಅಮ್ಮನ ಸ್ವರ ಮಾಡಿಕೊಂಡು? ಪರೀಕ್ಷೆಗೆ ಓದುವ ಹೊತ್ತಿನಲ್ಲಿ... ನೀನೂ ಅವಳನ್ನು ಕಳ್ಕೊಂಡವಳಲ್ವಾ... ಅಯ್ಯೋ, ನಾನೆಂತ ಮಾಡಿಸಿದೆ ನಿನ್ನ ಕೈಯಲ್ಲಿ!

ಮನೆಯಿಂದಲೇ ಕಮ್ಯೂಟ್ ಅಂದದ್ದು ಇದಕ್ಕಾ? ಸಂಜೆಗೆ ಮನೆಯಲ್ಲಿ ಓಗೊಡುವವರು ಬೇಕು ಅಂತ?

ಇಲ್ಲ, ಲ್ಯಾಪ್‌ಟಾಪ್ ಮುಚ್ಚಬೇಡ. ಇರ್ಲಿ ಅದು. ಒತ್ತು ಅಂತ ನಾನಿನ್ನು ಹೇಳುದಿಲ್ಲ, ಬೇಡ ಅಂತಲೂ ಹೇಳುದಿಲ್ಲ. ನಿನಗೆ ಎಲ್ಲಿಗೆ ಹೋಗ್ಬೇಕು ಅಂತ ನಾನು ಇಷ್ಟು ದಿನ ಕೇಳಲೇ ಇಲ್ಲ. ಬಾ ಇಲ್ಲಿ. ಹತ್ತಿರ ಕೂತ್ಕೋ. ಕಣ್ಣೊರೆಸಿಕೋ.

ನಿಶ್ಮಿತಾ...

ನಿನ್ನನ್ನೇ ಮಗಾ ಕರೆದದ್ದು. ನಿಶ್ಮಿತಾ...

ನಿನ್ನ ಸ್ವರದಲ್ಲಿ ಮಾತಾಡು.