ಮನೆಯವರೆಲ್ಲರ ತೆರಿಗೆ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಪರಿಚಯವಿಲ್ಲದ ಇಬ್ಬರು ಹೆಂಗಸರು, ಒಬ್ಬಳು ಅತ್ತಿಗೆ, ಇನ್ನೊಬ್ಬಳು ಅವಳ ನಾದಿನಿ, ಕೂತಿದ್ದರು. ನಾದಿನಿ ಜನರ ತೆರಿಗೆ ವಿವರ ತುಂಬಿಕೊಡುವವಳೆಂದು ಮಾತಿನಿಂದಲೇ ತಿಳಿಯಿತು.

“ನಿಮ್ಮಣ್ಣನ ಕೆಲಸ ಹೋಗಿ ವರ್ಷ ಆಯ್ತಂತೆ! ದಿನಾ ಡಬ್ಬಿ ಕಟ್ಟಿ ಎಲ್ಲಿಗೇ ಕಳಿಸ್ತಿದ್ದೆ ನಾನು?”

“ಲೈಬ್ರರಿಗೆ, ಅತ್ತಿಗೆ.”

“ಅಯ್ಯೋ, ನಿನಗೆ ಗೊತ್ತಿತ್ತಾ?”

“ಅವನ ತೆರಿಗೆ ಮಾಡೋದು ನಾನೇ ಅಲ್ವಾ? ಸಂಬಳ ಎಲ್ಲೋ ಅಂದೆ. ಅತ್ತುಬಿಟ್ಟ.”

“ವಾರವಾರ ನಮ್ಮನೇಲಿ ಉಂಡು, ನನ್ನ ಮುಖ ನೋಡ್ಕೊಂಡು, ಬಾಯಿಗೆ ಬೀಗ ಹಾಕ್ಕೊಂಡಿದ್ಯಲ್ಲೇ ಮಹಾರಾಯ್ತಿ!”

“ಒಬ್ಬರದ್ದು ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ. ಗಂಡ ಹೆಂಡತಿ ಆದ್ರೂ ಅಷ್ಟೇ.”

ಅತ್ತಿಗೆ ಅವಳ ಹತ್ತಿರ ಸರಿದಳು. ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು.

“ಹಾಗಾದ್ರೆ ನನ್ನದು? ನನ್ನ ತೆರಿಗೆ ಮಾಡೋವಾಗ ಬಾಡಿಗೆ ರಸೀದಿ ನೋಡಿದೀಯಲ್ಲ. ನಾನು ಬೇರೆ ಮನೆ ಹಿಡಿದಿರೋದು, ಮಗಳನ್ನ ಕರ್ಕೊಂಡು ಹೋಗಬೇಕು ಅಂತಿರೋದು?”

“ಅವನಿಗೆ ಗೊತ್ತಿಲ್ಲ, ಅತ್ತಿಗೆ. ಅದನ್ನೂ ಹೇಳಿಲ್ಲ.”

ಅಷ್ಟರಲ್ಲಿ ಬಸ್ ಬಂತು. ನಾದಿನಿ ಅತ್ತಿಗೆಯ ತೋಳು ಹಿಡಿದುಕೊಂಡಳು.

“ಇದು ಅಣ್ಣ ಇರೋ ಮನೆ ಕಡೆಗೆ ಹೋಗುತ್ತೆ, ಹೊಸ ಬಾಡಿಗೆ ಮನೆ ಕಡೆಗಲ್ಲ.”

“ಗೊತ್ತು, ಬಿಡು.”

ತೋಳು ಬಿಡಿಸಿಕೊಂಡು ಅತ್ತಿಗೆಯೇ ಮೊದಲು ಹತ್ತಿದಳು.