ತೊಳೆದು ತಂದ ಉಂಗುರಗಳು

ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ಊರೊಡೆಯರಾದ ಟೊಗ್ಬೆ ಅಗ್ಬೆಕೊ ಅವರೇ, ರಾಜಧಾನಿಯಿಂದ ಇಷ್ಟು ದೂರ ಬಿಸಿಲಿನಲ್ಲಿ ಬಂದಿರುವ ಪಕ್ಷಿ ಸಂಘದ ಹಿರಿಯರೇ, ಬಲೆ ಎಳೆಯುವುದನ್ನು ಬಿಟ್ಟು ಬಂದ ಅಣ್ಣಂದಿರೇ, ಮೀನಿನ ಒಲೆ ಆರಿಸಿ ಬಂದ ಅಕ್ಕತಂಗಿಯರೇ, ಒಂದು ಕಾಲದಲ್ಲಿ ನನ್ನ ಕೈಯಿಂದ ಪೆಟ್ಟು ತಿಂದು ಈಗ ಮುಂದಿನ ಸಾಲಿನಲ್ಲಿ ಗಂಭೀರವಾಗಿ ಕುಳಿತಿರುವ ನನ್ನ ಹಳೆಯ ಶಿಷ್ಯರೇ, ಸಭಿಕರೇ,

ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತುಗಳನ್ನು ಒಂದೇ ಮಧ್ಯಾಹ್ನದಲ್ಲಿ ಕೇಳಿದ್ದು ಇದೇ ಮೊದಲು. ನಮ್ಮ ಊರಿನಲ್ಲಿ ಒಬ್ಬರನ್ನು ಇಷ್ಟು ಹೊಗಳಬೇಕಾದರೆ ಅವರು ಸತ್ತಿರಬೇಕು. ನಗಿ, ಪರವಾಗಿಲ್ಲ. ನನ್ನ ಗಂಡ ಕೊಕುವಿ ಇದ್ದಿದ್ದರೆ ಅವನೂ ನಗುತ್ತಿದ್ದ. "ನಮ್ಮನೆಯವಳಿಗೆ ದುರ್ಬೀನಲ್ಲಿ ಯಾವ್ದೋ ದೇಶದ ಹಕ್ಕಿ ಕಾಲು ಕಾಣುತ್ತೆ, ನನ್ನ ಕಾಲಿಗೆ ಮುಳ್ಳು ಚುಚ್ಚಿದ್ರೆ ಕಾಣಲ್ಲ" ಎಂದು ಊರೆಲ್ಲ ಹೇಳಿಕೊಂಡು ಬರುತ್ತಿದ್ದ. ಅವನು ತಮಾಷೆಗೆ ಹೇಳಿದ್ದು ಎಷ್ಟು ನಿಜ ಎಂದು ಇವತ್ತು ಹೇಳಬೇಕಾಗಿದೆ.

ಹಕ್ಕಿ ನೋಡುವುದನ್ನು ನಾನು ಸಂಘದಿಂದ ಕಲಿತವಳಲ್ಲ. ನನ್ನ ತಂದೆ ದೋಣಿಯವರು. ಮಳೆ ಮುಗಿದು ಬೂತಾಯಿ ಮೀನು ದಡದ ಹತ್ತಿರ ಬರುವ ಹೊತ್ತಿಗೆ ಉತ್ತರದಿಂದ ರೀವ ಹಕ್ಕಿಗಳೂ ಬರುತ್ತವೆ. ಬಿಳಿ ಮೈ, ಕರಿ ನೆತ್ತಿ, ಕವಲು ಬಾಲ. ಅವು ಎಲ್ಲಿ ನೀರಿಗೆ ಧುಮುಕುತ್ತವೆಯೋ ಅಲ್ಲಿಗೆ ಅಪ್ಪ ದೋಣಿ ತಿರುಗಿಸುತ್ತಿದ್ದರು. ಹಕ್ಕಿ ತಡವಾದ ವರ್ಷ ಮನೆಯಲ್ಲಿ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ನಮಗೆ ಮಕ್ಕಳಿಗೆ ಅದೇ ಹಕ್ಕಿ ಆಟದ ಸಾಮಾನು. ದಾರದ ಕುಣಿಕೆಯಲ್ಲಿ ಮೀನಿಟ್ಟು ಹಿಡಿಯುವುದು, ಕಾಲಿಗೆ ದಾರ ಕಟ್ಟಿ ಹಾರಿಸುವುದು. ನಾನೂ ಹಾರಿಸಿದ್ದೇನೆ. ಈ ಸಭೆಯಲ್ಲಿ ಹಾರಿಸದವರು ಯಾರಿದ್ದಾರೆ?

ಈಗ ತಾನೇ ಕಾರ್ಯದರ್ಶಿಗಳು ಬಿನ್ನವತ್ತಳೆ ಓದಿದರು. ನಾಲ್ಕು ವರ್ಷಗಳಲ್ಲಿ ಮುನ್ನೂರ ಹನ್ನೆರಡು ಉಂಗುರಗಳನ್ನು ಕಳಿಸಿಕೊಟ್ಟ ಶಿಕ್ಷಕಿ, ಇಡೀ ಕರಾವಳಿಯಲ್ಲೇ ಹೆಚ್ಚು. ನೀವು ಚಪ್ಪಾಳೆ ತಟ್ಟಿದಿರಿ. ಉಂಗುರ ಎಂದರೆ ಮರಿಯಾಗಿದ್ದಾಗಲೇ ಹಕ್ಕಿಯ ಕಾಲಿಗೆ ಉತ್ತರದ ಚಳಿದೇಶದವರು ತೊಡಿಸುವ, ಅಂಕಿ ಕೊರೆದ ಲೋಹದ ಬಳೆ. ಹಕ್ಕಿ ಎಲ್ಲೆಲ್ಲಿಗೆ ಹೋಯಿತು ಎಂದು ತಿಳಿಯುವುದಕ್ಕೆ. ಸಭಿಕರೇ, ನಾನೊಂದು ಪ್ರಶ್ನೆ ಕೇಳುತ್ತೇನೆ. ಹಕ್ಕಿ ತನ್ನ ಉಂಗುರವನ್ನು ತಾನೇ ಬಿಚ್ಚಿ ಕೊಡುತ್ತದೆಯೇ?

ಹದಿನಾರು ವರ್ಷದ ಹಿಂದೆ ಸಂಘದಿಂದ ಶಾಲೆಗೆ ಕಾಗದ ಬಂತು. ಉಂಗುರ ಸಿಕ್ಕರೆ ಕಳಿಸಿ, ತಂದ ಮಕ್ಕಳಿಗೆ ಬಹುಮಾನವಿದೆ. ಒಂದಕ್ಕೆ ಪೆನ್ಸಿಲು, ಐದಕ್ಕೆ ಬಣ್ಣದ ಡಬ್ಬಿ, ಇಪ್ಪತ್ತಕ್ಕೆ ಶಾಲೆಯ ಚೀಲ. ಬೆಳಗಿನ ಪ್ರಾರ್ಥನೆಯಲ್ಲಿ ನಾನೇ ಓದಿದೆ. ಮೊದಲ ವರ್ಷ ಬಂದದ್ದು ಒಂಬತ್ತು, ದಡಕ್ಕೆ ಸತ್ತು ಬಿದ್ದ ಹಕ್ಕಿಗಳದ್ದು. ಎರಡನೆಯ ವರ್ಷ ಅರವತ್ತು ದಾಟಿತು. ಅಷ್ಟು ಹಕ್ಕಿಗಳು ತಾವಾಗಿ ಸಾಯುತ್ತವೆಯೇ? ಉಂಗುರಕ್ಕೆ ರಕ್ತ ಅಂಟಿರುತ್ತಿತ್ತು, ಒಮ್ಮೊಮ್ಮೆ ಚರ್ಮ. ಬೈದೆನೇ? ಬಹುಮಾನ ನಿಲ್ಲಿಸಿದೆನೇ? ಇಲ್ಲ. "ಥೂ, ಹೀಗೆಲ್ಲ ತರ್ಬೇಡಿ. ಅಲ್ಲೇ ತೊಳ್ಕೊಂಡು ತನ್ನಿ" ಎಂದೆ. ಸಂಘದ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗುತ್ತಿತ್ತು. ನನಗೆ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಯಾಯ್ರಾ ನಿಮಗೆಲ್ಲ ಗೊತ್ತು. ಮೀನು ಹೊಗೆಗಿಡುವ ಲೆಬೆನೆಯ ಮಗಳು, ಐದನೆಯ ತರಗತಿ, ಹನ್ನೊಂದು ವರ್ಷ. ಹಾರುವ ರೀವಗಳಲ್ಲಿ ಯಾವುದು ಯಾವ ಜಾತಿ ಎಂದು ದುರ್ಬೀನಿಲ್ಲದೆ ಹೇಳುತ್ತಿದ್ದವಳು ನನ್ನ ಶಾಲೆಯಲ್ಲಿ ಅವಳೊಬ್ಬಳೇ. ಅವಳ ಲೆಕ್ಕದಲ್ಲಿ ಹತ್ತೊಂಬತ್ತು ಉಂಗುರಗಳಿದ್ದವು. ನೀಲಿ ಚೀಲ ನನ್ನ ಗಾಜಿನ ಬೀರುವಿನಲ್ಲಿ ನೇತಾಡುತ್ತಿತ್ತು, ಅವಳು ದಿನವೂ ಬಂದು ನೋಡಿ ಹೋಗುತ್ತಿದ್ದಳು.

ಅಕ್ಟೋಬರ್ ತಿಂಗಳು, ಮಧ್ಯಾಹ್ನದ ಬಿಡುವು. ಜಗಲಿಯಲ್ಲಿ ನಿಂತು ದುರ್ಬೀನು ಹಿಡಿದಿದ್ದೆ. ಕಡಲು ಕೊರೆಯದಿರಲಿ ಎಂದು ನೀರಿನೊಳಕ್ಕೆ ಹಾಕಿದ ಬಂಡೆಗಳಿವೆಯಲ್ಲ, ಅದರ ಮೂರನೆಯ ಸಾಲಿನ ತುದಿಯಲ್ಲಿ ಹಕ್ಕಿಗಳು ಕೂತಿದ್ದವು. ಅವಳನ್ನು ಕರೆದು ದುರ್ಬೀನು ಕೊಟ್ಟೆ.

"ಬಲಗಾಲು ನೋಡು."

"ಹೌದು ಮೇಡಂ, ಹೊಳೀತಿದೆ. ಅದು ನಂದು."

"ಉಬ್ಬರ ಏರೋಕೆ ಮುಂಚೆ ಹೋಗಿ ಬಾ."

ಇಷ್ಟೇ ಮಾತು. ನಾನು ಒಳಗೆ ಹೋಗಿ ಭಿನ್ನರಾಶಿ ಕಲಿಸಿದೆ.

ಮೂರನೆಯ ದಿನ ಅವಳ ಹೆಣ ಬಲೆಯವರಿಗೆ ಸಿಕ್ಕಿತು. ಇಂದಿನ ಟೊಗ್ಬೆಯವರ ತಂದೆಯ ಅಂಗಳದಲ್ಲಿ ವಿಚಾರಣೆ ಕೂತಿತು. ಬಲೆ ಹೆಣೆಯುತ್ತಿದ್ದ ಮುದುಕ ಅಕೊಲಿ ಸಾಕ್ಷಿ ಹೇಳಿದ: "ಹಕ್ಕಿ ಹಿಡಿದಾಗಿತ್ತು. ಬಂಡೆ ತುದೀಲಿ ಕುಕ್ಕರಗಾಲಲ್ಲಿ ಕೂತು ನೀರಲ್ಲಿ ಏನೋ ತೊಳೀತಿದ್ಲು. ವಾಪಸ್ ಬಾರೇ ಅಂತ ಕೂಗ್ದೆ. ತೊಳ್ದಿದ್ದನ್ನ ಜೇಬಿಗೆ ಹಾಕ್ಕೊಂಡು ಎದ್ಲು, ಅಷ್ಟರಲ್ಲಿ ಅಲೆ ಬಂತು." ಏನು ತೊಳೆಯುತ್ತಿದ್ದಳು ಎಂದು ಯಾರೂ ಕೇಳಲಿಲ್ಲ. ಅಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಹಿರಿಯರು ನನ್ನ ಕಡೆ ತಿರುಗಿದರು. "ಮೇಡಂ, ಬಂಡೆ ಮೇಲೆ ಹೋಗ್ಬೇಡಿ ಅಂತ ಮಕ್ಕಳಿಗೆ ಹೇಳಿದ್ರಾ?"

"ಹೇಳಿದ್ದೆ. ಅವಳು ಮಾತು ಕೇಳ್ಲಿಲ್ಲ" ಎಂದೆ.

ದೊಡ್ಡವರ ಮಾತು ಮೀರಿ ಸಾವನ್ನು ತಾನೇ ತಂದುಕೊಂಡ ಮಗು ಎಂದು ತೀರ್ಮಾನವಾಯಿತು. ಅವಳಿಗೆ ಸಾವಿನ ಡೋಲು ಬಾರಿಸಲಿಲ್ಲ. ಊರಾಚೆಯ ಮರಳಿನಲ್ಲಿ ಹೂತರು. ಈ ಹನ್ನೆರಡು ವರ್ಷ ನೀವೆಲ್ಲ ನಿಮ್ಮ ಮಕ್ಕಳಿಗೆ "ಯಾಯ್ರಾ ಥರ ಆಗ್ತೀಯ ನೋಡು" ಎಂದು ಗದರಿಸಿದ್ದೀರಿ. ನಾನೂ ಒಮ್ಮೆ ತರಗತಿಯಲ್ಲಿ ಹಾಗೆಂದೆ. ನನ್ನ ಬಾಯಿಂದ ಬಂತು.

ಹೂತ ಮರುವಾರ ಲೆಬೆನೆ ನನ್ನ ಮನೆಗೆ ಬಂದಳು. ಮಗಳ ಲಂಗದ ಜೇಬಿನಲ್ಲಿ ಸಿಕ್ಕಿದ್ದನ್ನು ಎಲೆಯಲ್ಲಿ ಸುತ್ತಿ ತಂದಿದ್ದಳು. "ಮೇಡಂ, ಇಪ್ಪತ್ತನೇದು. ಇನ್ನೊಂದ್ಸಲ ತೊಳ್ದಿದ್ದೀನಿ. ನಿಮ್ಮ ಮಾತು ಮೀರಿದ್ಲು ಅಂತ ಮಗೂನ ಮೇಲೆ ಬೇಜಾರಿಟ್ಕೋಬೇಡಿ." ನಾನು ಏನು ಮಾಡಿದೆ ಗೊತ್ತೇ? ನೀಲಿ ಚೀಲ ತಂದು ಅವಳ ಕೈಗೆ ಕೊಟ್ಟೆ. ಉಂಗುರವನ್ನು ಅಂಚೆಗೆ ಹಾಕಿದೆ. ನೀವು ಚಪ್ಪಾಳೆ ತಟ್ಟಿದ ಮುನ್ನೂರ ಹನ್ನೆರಡರಲ್ಲಿ ಕೊನೆಯದು ಅದು.

ಆಮೇಲೆ ನಾನು ಬಹುಮಾನ ನಿಲ್ಲಿಸಿದೆ, ಕುಣಿಕೆ ಸುಡಿಸಿದೆ, ಹಕ್ಕಿ ಕಾಯುವ ಮಕ್ಕಳ ಕೂಟ ಕಟ್ಟಿದೆ. ಬಿನ್ನವತ್ತಳೆಯಲ್ಲಿ ಇದನ್ನು ಮನಃಪರಿವರ್ತನೆ ಎಂದು ಬರೆದಿದ್ದಾರೆ. ಚಂದದ ಮಾತು. ಅದು ಹೆದರಿಕೆ, ಸಭಿಕರೇ.

ಲೆಬೆನೆ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಈ ಸಂಜೆ ನೀವು ಅಕ್ಪ್ಲೆ ಮುದ್ದೆಯ ಜೊತೆ ಉಣ್ಣುವ ಮೀನು, ನನ್ನ ಸನ್ಮಾನವೆಂದು ಅವಳೇ ಹೊಗೆಗಿಟ್ಟು ತಂದದ್ದು. ಲೆಬೆನೆ, ಏಳಬೇಡ, ಕೂತು ಕೇಳು. ನಿನ್ನ ಮಗಳು ಮಾತು ಮೀರಲಿಲ್ಲ. ಹೋಗು ಎಂದೆ, ಹೋದಳು. ತೊಳೆದು ತಾ ಎಂದಿದ್ದೆ, ಅದಕ್ಕೇ ಅಲ್ಲಿ ಕೂತಳು. ಇಡೀ ಶಾಲೆಯಲ್ಲಿ ನನ್ನ ಮಾತನ್ನು ಅಷ್ಟು ಚಾಚೂ ತಪ್ಪದೆ ಕೇಳಿದವಳು ಇನ್ನೊಬ್ಬಳಿಲ್ಲ.

ಟೊಗ್ಬೆಯವರೇ, ಹಕ್ಕಿ ನೋಡುವ ಆ ಹೊಸ ಗೋಪುರದ ಕಲ್ಲಿನಿಂದ ನನ್ನ ಹೆಸರು ತೆಗೆಸಿ. ಆ ಮಗುವಿಗೆ ಅಂದು ಸಲ್ಲದೆ ಹೋದ ಡೋಲು ಈಗಲಾದರೂ ಸಲ್ಲಲಿ. ನನಗೇನು ಶಿಕ್ಷೆ ಎಂದು ನಿಮ್ಮ ಅಂಗಳದಲ್ಲೇ ತೀರ್ಮಾನವಾಗಲಿ, ಈ ಸಲ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತೇನೆ. ನೀವು ಹೊದಿಸಿದ ಕೆಂಟೆ ವಸ್ತ್ರವನ್ನು ಮಡಿಸಿ ಮೇಜಿನ ಮೇಲಿಟ್ಟಿದ್ದೇನೆ. ದೂರದಿಂದ ಬಂದವರಿಗೆ, ಈ ಚಪ್ಪರ ಹಾಕಿದವರಿಗೆ, ನಡುವೆ ಎದ್ದು ಹೋಗದೆ ಕೇಳಿದ ನಿಮ್ಮೆಲ್ಲರಿಗೆ ನನ್ನ ವಂದನೆಗಳು.

ಕಾರ್ಯಕ್ರಮಪಟ್ಟಿಯಲ್ಲಿ ನನ್ನ ನಂತರ ಹಾಡು ಇದೆ. ಅದಕ್ಕೆ ಮುಂಚೆ ಈ ಧ್ವನಿವರ್ಧಕವನ್ನು ಮೂರನೆಯ ಸಾಲಿಗೆ ಕೊಡಿ. ಲೆಬೆನೆ, ಏನು ಹೇಳಬೇಕೆನಿಸಿದರೂ ಹೇಳು, ನಾನು ಇಲ್ಲೇ ನಿಂತಿರುತ್ತೇನೆ. ನಮಸ್ಕಾರ.